ಟೇಬಲ್ ಹೋಸ್ಟ್ ಬರಲೇ ಇಲ್ಲ, ಅವರು ಕರೆದ ಏಳು ಜನ ಬಂದರು. ಏನು ಮಾಡಬೇಕಿತ್ತು?

ಬೇ ಏರಿಯಾ ಸ್ವಯಂಸೇವಕಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ನಮ್ಮ ವಾರ್ಷಿಕ ಔತಣಕೂಟ ಮುಗಿಯಿತು. ಹಣ ಪರವಾಗಿಲ್ಲ ಅನ್ನುವಷ್ಟು ಬಂತು. ಆದರೆ ಒಂದು ಟೇಬಲ್ ವಿಷಯ ತಲೆಯಿಂದ ಹೋಗುತ್ತಿಲ್ಲ. ಇಲ್ಲಿ ಇಂಥ ಕಾರ್ಯಕ್ರಮ ನಡೆಸಿದವರು ತುಂಬ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮದು ಚಿಕ್ಕ ಸಂಸ್ಥೆ. ರಾಯಚೂರು, ಯಾದಗಿರಿ ಕಡೆಯ ಸರ್ಕಾರಿ ಶಾಲೆಗಳಿಗೆ ಗ್ರಂಥಾಲಯ, ಶೌಚಾಲಯ, ಕುಡಿಯುವ ನೀರು, ಇಷ್ಟೇ ಕೆಲಸ. ಕೂಟದ ವ್ಯವಸ್ಥೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಬ್ಬೊಬ್ಬ ಹೋಸ್ಟ್ ಒಂದೊಂದು ಟೇಬಲ್ ಒಪ್ಪಿಕೊಳ್ಳುತ್ತಾರೆ. ಕೆಲವರು ಟೇಬಲ್ಲಿನ ದುಡ್ಡೂ ತಾವೇ ಕೊಡುತ್ತಾರೆ. ಆಫೀಸಿನವರು, ಗೆಳೆಯರು, ಪಕ್ಕದ ಮನೆಯವರನ್ನು ಕರೆದು ಹತ್ತು ಕುರ್ಚಿ ತುಂಬಿಸುತ್ತಾರೆ. ಅತಿಥಿಗಳಿಗೆ ಟಿಕೆಟ್ ಇಲ್ಲ. ಊಟ, ಒಂದು ವಿಡಿಯೋ, ಎರಡು ಭಾಷಣ, ಆಮೇಲೆ ವೇದಿಕೆಯಿಂದ ಮನವಿ. ಮನವಿ ಆದಮೇಲೆ ಎಲ್ಲರ ಕೈಗೂ ಪ್ಲೆಜ್ ಕಾರ್ಡ್, ಅಂದರೆ ಎಷ್ಟು ಕೊಡುತ್ತೇನೆ ಅಂತ ಬರೆದುಕೊಡುವ ಚೀಟಿ.

14ನೇ ಟೇಬಲ್ಲಿನ ಹೋಸ್ಟ್ 2,500 ಡಾಲರ್ ಮುಂಚೆಯೇ ಕಟ್ಟಿದ್ದರು. ಆದರೆ ಅವತ್ತು ಬರಲೇ ಇಲ್ಲ. ಫೋನ್ ಸ್ವಿಚ್ ಆಫ್. ಅವರು ಕರೆದ ಏಳು ಜನ ಮಾತ್ರ ಹೇಳಿದ ಹೊತ್ತಿಗೆ ಬಂದು ನಿಂತರು. ಹೋಸ್ಟ್ ಹೆಸರುಗಳನ್ನು ಕಳಿಸಿಯೇ ಇರಲಿಲ್ಲವಾದ್ದರಿಂದ ಪಟ್ಟಿಯಲ್ಲಿ "ಅತಿಥಿ 1, ಅತಿಥಿ 2" ಅಂತಷ್ಟೇ ಇತ್ತು. ಡೆಸ್ಕಿನಲ್ಲಿದ್ದ ಹುಡುಗ ಐಪ್ಯಾಡಿನಲ್ಲಿ ಹುಡುಕಿ ಹುಡುಕಿ, ಕೊನೆಗೆ ಖಾಲಿ ಬ್ಯಾಡ್ಜಿನ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದು ಒಳಗೆ ಕಳಿಸಿದ. ಏಳು ಜನರಲ್ಲಿ ಮೂವರು ಹೋಸ್ಟಿನ ಆಫೀಸಿನವರು, ಉಳಿದವರು ಎರಡು ಜೋಡಿ. ಅವರಲ್ಲೂ ಎಲ್ಲರಿಗೂ ಎಲ್ಲರ ಪರಿಚಯ ಇಲ್ಲ. ಕನ್ನಡ ಗೊತ್ತಿದ್ದವರು ಒಬ್ಬರೂ ಇಲ್ಲ.

ನಾವು ಯಾರನ್ನೂ ಅಲ್ಲಿ ಕೂರಿಸಲಿಲ್ಲ. ಹೋಸ್ಟ್ ಈಗ ಬರುತ್ತಾರೆ, ಆಗ ಬರುತ್ತಾರೆ ಅಂತ ಕಾದೆವು. ಪ್ಲೆಜ್ ಕಾರ್ಡಿನ ಕವರನ್ನು ನಾವು ಕೊಡುವುದು ಹೋಸ್ಟ್ ಕೈಗೆ, ಡೆಸ್ಕಿನಲ್ಲಿ. ಅವರು ಬರಲಿಲ್ಲ, ಕವರು ಡಬ್ಬದಲ್ಲೇ ಉಳಿಯಿತು. ಮನವಿ ಶುರುವಾದಾಗ ಇಡೀ ಹಾಲಿನಲ್ಲಿ ಕಾರ್ಡಿಲ್ಲದ ಟೇಬಲ್ ಅದೊಂದೇ. ಒಂದು ಜೋಡಿ ಅಷ್ಟರಲ್ಲಿ ಎದ್ದು ಹೋಗಿದ್ದರು.

ಅವತ್ತು ಏನು ಮಾಡಬೇಕಿತ್ತು? ಈಗ ಆ ಏಳು ಜನರಿಗೆ ಏನಂತ ಬರೆಯೋದು? ಹೋಸ್ಟ್ ಜೊತೆ ಹೇಗೆ ಮಾತಾಡೋದು? ಅವರು ದೊಡ್ಡ ದಾನಿ ಬೇರೆ. ನಮ್ಮ ಖಜಾಂಚಿಯದ್ದು ಇನ್ನೊಂದು ಪ್ರಶ್ನೆ: ಅವರು ಬಂದು ಊಟವನ್ನೇ ಮಾಡಲಿಲ್ಲ, ಹಾಗಾದರೆ ಪೂರ್ತಿ 2,500ಕ್ಕೆ ತೆರಿಗೆ ರಸೀದಿ ಕೊಡಬಹುದಾ?

ಹ್ಯೂಸ್ಟನ್ ಹಳಬ

ರಸೀದಿ ವಿಷಯ ಗೊತ್ತಿದ್ದವರು ಹೇಳಲಿ. ಹಾಲಿನ ಕಥೆ ನಾನು ಹೇಳುತ್ತೇನೆ.

ಆ ಏಳು ಜನ ನಿಮ್ಮ ಅತಿಥಿಗಳಲ್ಲ. ಹೋಸ್ಟಿನ ಅತಿಥಿಗಳು. ರಾಯಚೂರು ಎಲ್ಲಿದೆ ಅಂತಲೂ ಅವರಿಗೆ ಗೊತ್ತಿಲ್ಲ. ಗೊತ್ತಿರುವ ಒಬ್ಬರು ಕರೆದರು, ಶನಿವಾರ ಸಂಜೆ ಬಿಡುವಿತ್ತು, ಬಂದರು. ಹೋಸ್ಟ್ ಇಲ್ಲ ಅಂದರೆ ಅವರು ಅಲ್ಲಿ ಕೂತಿರುವುದಕ್ಕೆ ಕಾರಣವೇ ಇಲ್ಲ. ಮದುವೆಗೆ ಹೋದರೆ ಕರೆದ ಮನೆಯವರೇ ಕಾಣದ ಹಾಗೆ. ಊಟ ಎಷ್ಟೇ ಚೆನ್ನಾಗಿರಲಿ, ಕೈ ತೊಳೆದು ಹೊರಡೋಣ ಅನ್ನಿಸುತ್ತದೆ.

ಅದಕ್ಕೆ ನಮ್ಮಲ್ಲಿ ಪ್ರತಿ ಸಲವೂ ಮೂರು ನಾಲ್ಕು ಜನರನ್ನು ಯಾವ ಟೇಬಲ್ಲಿಗೂ ಹಾಕದೆ ಕೈಯಲ್ಲಿ ಇಟ್ಟುಕೊಳ್ಳುತ್ತೇವೆ. ಅಧ್ಯಕ್ಷರನ್ನಲ್ಲ, ನಿರೂಪಕರನ್ನಲ್ಲ, ಅವರಿಗೆ ಅವತ್ತು ಕೂರೋಕೆ ಪುರುಸೊತ್ತಿರುವುದಿಲ್ಲ. ಆ ಕೆಲಸವನ್ನು ಸ್ವಂತ ಕಣ್ಣಿಂದ ನೋಡಿದವರು ಬೇಕು. ಶಾಲೆಗೆ ಹೋಗಿ ಬಂದವರು ಒಬ್ಬರು ಸಿಕ್ಕರೆ ಸಾಕು, ಮಾತು ತಾನೇ ಹುಟ್ಟುತ್ತದೆ.

ಸಮಯ ಮುಖ್ಯ. ಬಾಗಿಲು 5:30ಕ್ಕೆ ತೆರೆದು ಕಾರ್ಯಕ್ರಮ 6:30ಕ್ಕೆ ಅಂತಿಟ್ಟುಕೊಳ್ಳಿ. 6 ಗಂಟೆಗೆ ಡೆಸ್ಕಿನವರು ಯಾವ ಹೋಸ್ಟ್ ಬಂದಿಲ್ಲ ಅಂತ ಹೇಳಬೇಕು. ಒಂದು ಫೋನ್, ಒಂದು ಮೆಸೇಜ್. ಉತ್ತರ ಇಲ್ಲವಾ, 6:15ಕ್ಕೆ ನಮ್ಮವರು ಆ ಟೇಬಲ್ಲಿನಲ್ಲಿ ಕೂತಾಯಿತು. ಆಮೇಲೆ ಹೋಸ್ಟ್ ಬಂದರೆ ಸಂತೋಷ, ನಮ್ಮವರು ಎದ್ದು ಬರುತ್ತಾರೆ. ಸಲಾಡ್ ಬಂದಮೇಲೆ ಹೋಗಿ ಕೂತರೆ ಅವರ ಪಾಲಿಗೆ ನೀವು ದುಡ್ಡು ಕೇಳೋಕೆ ಬಂದವರು. ಸಲಾಡಿಗೆ ಮುಂಚೆ ಕೂತರೆ ಜೊತೆಗೆ ಊಟ ಮಾಡುವವರು.

ಕೂತು ಹೇಳಬೇಕಾದ್ದು ಇಷ್ಟೇ: "ನಿಮ್ಮನ್ನ ಕರೆದವರಿಗೆ ಇವತ್ತು ಬರೋಕೆ ಆಗಿಲ್ಲ. ನಾನು ಈ ಸಂಸ್ಥೆಯಲ್ಲಿ ಕೆಲಸ ಮಾಡ್ತೀನಿ. ಇವತ್ತು ನಿಮ್ಮ ಜೊತೆ ಊಟ ಮಾಡ್ತೀನಿ." ಹುಷಾರಿಲ್ಲ, ಟ್ರಾಫಿಕ್ಕು, ಹಾಗೆಲ್ಲ ನೀವೇ ಕಾರಣ ಕಟ್ಟಬೇಡಿ. ಮರುದಿನ ಹೋಸ್ಟ್ ಬೇರೆ ಏನೋ ಹೇಳಿದರೆ ಇಬ್ಬರ ಮುಖವೂ ಕೆಡುತ್ತದೆ.

ಸ್ಯಾನ್ ರಮೋನ್ ಸಂಚಾಲಕ

ನಾನು ಒಪ್ಪುವುದಿಲ್ಲ. ಅರ್ಧ ಖಾಲಿ ಟೇಬಲ್ ಹಾಲಿನ ಮಧ್ಯೆ ಇದ್ದರೆ ಫೋಟೋದಲ್ಲೂ ಕಾಣುತ್ತದೆ, ಹಾಲಿನ ಹುರುಪಿಗೂ ಪೆಟ್ಟು. ನಾವು ಮಾಡುವುದು ಸುಲಭ: ಒಡೆದು ಬೇರೆ ಟೇಬಲ್ಲುಗಳಿಗೆ ಹಂಚುತ್ತೇವೆ. ಪ್ರತಿ ಟೇಬಲ್ಲಿನಲ್ಲೂ ಒಂದೆರಡು ಕುರ್ಚಿ ಖಾಲಿ ಇದ್ದೇ ಇರುತ್ತವೆ. ಅಲ್ಲಿ ಉತ್ಸಾಹದ ಹೋಸ್ಟ್ ಇರುತ್ತಾರೆ, ಇವರೂ ಸೇರಿಕೊಳ್ಳುತ್ತಾರೆ. ಖಾಲಿಯಾದ ಟೇಬಲ್ಲನ್ನು ಹಾಲಿನವರು ಎರಡು ನಿಮಿಷದಲ್ಲಿ ಎತ್ತಿಬಿಡುತ್ತಾರೆ.

ಧಾರವಾಡದಾಕಿ

ಅಲ್ರೀ, ಗಂಡ ಹೆಂಡತಿ ಇಬ್ಬರನ್ನು 6ನೇ ಟೇಬಲ್ಲಿಗೆ, ಆಫೀಸಿನವರನ್ನು ಒಬ್ಬೊಬ್ಬರನ್ನಾಗಿ 9, 11, 22ಕ್ಕೆ ಕಳಿಸಿದರೆ ಅವರಿಗೆ ಹೇಗಿರುತ್ತದೆ? ಗೊತ್ತಿರುವ ಎರಡು ಮುಖಗಳೂ ಹೋದವು. ಕೈಯಲ್ಲಿ ನೀರಿನ ಗ್ಲಾಸು, ಹೆಗಲಿಗೆ ಪರ್ಸು, ಹಾಲಿನ ತುಂಬ ಕುರ್ಚಿ ಹುಡುಕುತ್ತ ಹೋಗಬೇಕು. ಎಲ್ಲರೂ ನೋಡುತ್ತಿರುತ್ತಾರೆ.

ಇಬ್ಬರೇ ಬಂದಿದ್ದರೆ ಪಕ್ಕದ ಟೇಬಲ್ಲಿಗೆ ಸೇರಿಸಿ, ಅದು ಸರಿ. ಏಳು ಜನ ಅಂದರೆ ಅದೇ ಒಂದು ಟೇಬಲ್. ಖಾಲಿ ಇರುವ ಮೂರು ಕುರ್ಚಿಗೆ ನಿಮ್ಮವರನ್ನು ಕೂರಿಸಿ. ಇಲ್ಲವಾದರೆ ಕುರ್ಚಿಯನ್ನೇ ತೆಗೆಸಿ. 72 ಇಂಚಿನ ದುಂಡು ಟೇಬಲ್ಲಿಗೆ ಹತ್ತು ಜನ, 60 ಇಂಚಿಗೆ ಎಂಟು ಜನ ಅಂತ ಲೆಕ್ಕ. ಹತ್ತರ ಟೇಬಲ್ಲಿನಲ್ಲಿ ಎಂಟು ಕುರ್ಚಿ ಸ್ವಲ್ಪ ಸಡಿಲವಾಗಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೊಣಕೈ ಚಾಚಿ ಊಟ ಮಾಡುತ್ತಾರೆ ಅಷ್ಟೇ.

ಸ್ಯಾನ್ ರಮೋನ್ ಸಂಚಾಲಕ

ಕುರ್ಚಿ ತೆಗೆಸೋದು ಒಳ್ಳೆ ಐಡಿಯಾ, ಒಪ್ಪಿದೆ. ಒಬ್ಬರನ್ನೂ ಒಂಟಿಯಾಗಿ ಕಳಿಸಬಾರದು ಅನ್ನೋದೂ ಸರಿ. ಆದರೆ ಮೂರು ನಾಲ್ಕು ಜನ ಬಂದಿದ್ದರೆ ಈಗಲೂ ನಾನು ಸೇರಿಸುತ್ತೇನೆ.

ಟೇಬಲ್ ಅತಿಥಿ

ನಾನು ಕಾರ್ಯಕ್ರಮ ನಡೆಸಿದವಳಲ್ಲ. ಹೋಸ್ಟ್ ಇಲ್ಲದ ಟೇಬಲ್ಲಿನಲ್ಲಿ ಕೂತವಳು. ಆ ಕಡೆಯ ಅನುಭವ ಹೇಳುತ್ತೇನೆ.

ನನ್ನ ಮ್ಯಾನೇಜರ್ ಕರೆದಿದ್ದರು. ಬೇರೆ ಯಾವುದೋ ರಾಜ್ಯದ ಆಸ್ಪತ್ರೆಗೆ ಹಣ ಕೂಡಿಸುವ ಕೂಟ. ಅವರೇ ಬರಲಿಲ್ಲ. ಮ್ಯಾನೇಜರ್ ಕರೆದದ್ದು ಅಂತ ಬಿಟ್ಟು ಹೊರಡೋಕೂ ಧೈರ್ಯ ಇಲ್ಲ. ಸ್ವಲ್ಪ ಹೊತ್ತಿಗೆ ಒಬ್ಬರು ಸೂಟು ಹಾಕಿಕೊಂಡವರು ಬಂದು ಕೂತರು, ತುಂಬ ಪ್ರೀತಿಯಿಂದ ಮಾತಾಡಿದರು. ಮಾತಾಡುತ್ತಾ ಎಲ್ಲಿ ಕೆಲಸ, ಮನೆ ಎಲ್ಲಿ, ಸ್ವಂತದ್ದಾ ಅಂತೆಲ್ಲ ಕೇಳಿದರು. ನಮ್ಮಿಂದ ಎಷ್ಟು ಬರಬಹುದು ಅಂತ ತೂಗಿ ನೋಡುತ್ತಿದ್ದಾರೆ ಅಂತ ನಮಗೆಲ್ಲ ಗೊತ್ತಾಯಿತು. ಮನವಿ ಹೊತ್ತಿಗೆ ಅವರೇ ಕಾರ್ಡ್ ಹಂಚಿ, ಪೆನ್ನಿನ ಕ್ಯಾಪ್ ತೆಗೆದು ಕೈಗೆ ಕೊಟ್ಟರು. ನಾನು 50 ಡಾಲರ್ ಬರೆದೆ, ಅದೂ ಎದ್ದು ಬರೋಕೆ ದಾರಿ ಇರಲಿ ಅಂತ. ಆ ಸಂಸ್ಥೆಯ ಮೇಲ್ ಇವತ್ತಿಗೂ ತೆರೆಯುವುದಿಲ್ಲ.

ಆ ಟೇಬಲ್ಲಿನಲ್ಲೇ ಊಟ ಬಡಿಸುವಾಗ ಸಹಾಯಕ್ಕೆ ಬಂದ ಒಬ್ಬ ಕಾಲೇಜು ಹುಡುಗಿ ಇದ್ದಳು. ಅವಳ ಅಜ್ಜಿಗೆ ಆ ಆಸ್ಪತ್ರೆಯಲ್ಲೇ ಕಣ್ಣಿನ ಆಪರೇಷನ್ ಆಗಿತ್ತಂತೆ. ಎರಡು ನಿಮಿಷ ನಿಂತು ಹೇಳಿದಳು, ಹೋದಳು. ಅವಳು ಕೂತಿದ್ದರೆ ಸಂಜೆ ಬೇರೆ ಥರ ಇರುತ್ತಿತ್ತು.

ಇನ್ನೊಂದು. ನಿಮ್ಮ ವಿಡಿಯೋಗೆ ಇಂಗ್ಲಿಷ್ ಸಬ್‌ಟೈಟಲ್ ಇತ್ತಾ? ಹೋಸ್ಟ್ ಪಕ್ಕದಲ್ಲಿದ್ದರೆ ಮೆಲ್ಲಗೆ ಅರ್ಥ ಹೇಳುತ್ತಾರೆ. ಇಲ್ಲದಿದ್ದರೆ ಮಗು ಕನ್ನಡದಲ್ಲಿ ಏನೋ ಹೇಳುತ್ತೆ, ಹಾಲೆಲ್ಲ ನಗುತ್ತೆ, ಆ ಟೇಬಲ್ ಮಾತ್ರ ಸುಮ್ನೆ ಕೂತಿರುತ್ತೆ.

ಬೇ ಏರಿಯಾ ಸ್ವಯಂಸೇವಕಿ

ಸಬ್‌ಟೈಟಲ್ ಇತ್ತು. ಪರದೆಯ ಕೆಳಗಿನ ಅಂಚಿನಲ್ಲಿತ್ತು, ಮುಂದಿನ ಟೇಬಲ್ಲುಗಳ ಹೂದಾನಿ ಅಡ್ಡ ಬರುತ್ತಿತ್ತು. ನೀವು ಕೇಳಿದಮೇಲೆ ಅವತ್ತಿನ ಫೋಟೋ ತೆರೆದು ನೋಡಿದೆ.

ಹ್ಯೂಸ್ಟನ್ ಹಳಬ

ಟೇಬಲ್ ಅತಿಥಿಯವರೇ, ಪೆನ್ನಿನ ಕ್ಯಾಪ್ ಕಥೆ ಕೇಳಿ ನಾಚಿಕೆಯಾಯಿತು. ಆ ಥರದವರನ್ನು ನಾನೂ ನೋಡಿದ್ದೇನೆ.

ಕಾರ್ಡಿನ ವಿಷಯಕ್ಕೆ ಬಂದೆವಲ್ಲ, ಅದನ್ನೂ ಹೇಳುತ್ತೇನೆ. ಬೆನೆವಾನ್ ಅಂತ ಸಿಯಾಟಲ್‌ನಲ್ಲಿ ಶುರುವಾದ ತರಬೇತಿ ಸಂಸ್ಥೆ ಇದೆ. ಟೇಬಲ್ ಕ್ಯಾಪ್ಟನ್‌ಗಳು (ನಾವು ಹೋಸ್ಟ್ ಅನ್ನುವವರು) ಜನ ಕರೆತರುವುದು, ಅತಿಥಿಗೆ ಟಿಕೆಟ್ ಇಲ್ಲದಿರುವುದು, ಒಂದು ಗಂಟೆಯೊಳಗೆ ಮುಗಿಸುವುದು, ಕೊನೆಯಲ್ಲಿ ಐದು ವರ್ಷ ವರ್ಷಕ್ಕೆ 1,000 ಡಾಲರಿನಂತೆ ಕೊಡುತ್ತೀರಾ ಅಂತ ಕೇಳುವುದು, ಇದೆಲ್ಲ ಅವರು ಕಲಿಸುವ ಪದ್ಧತಿ. ನೂರಾರು ಸಂಸ್ಥೆಗಳು ಅದನ್ನೇ ತಮಗೆ ಬೇಕಾದ ಹಾಗೆ ಬದಲಿಸಿಕೊಂಡಿವೆ. ಅದರಲ್ಲಿ ಕ್ಯಾಪ್ಟನ್ ಬಾಯಿಬಿಟ್ಟು ದುಡ್ಡು ಕೇಳುವುದೇ ಇಲ್ಲ. ಕವರು ತೆರೆದು ಕಾರ್ಡ್ ಹಂಚುತ್ತಾರೆ, ತಮ್ಮ ಕಾರ್ಡನ್ನು ತಾವು ಬರೆಯುತ್ತಾರೆ. ಒಬ್ಬರು ತಲೆ ಬಗ್ಗಿಸಿ ಬರೆಯಲು ಶುರು ಮಾಡಿದರೆ ಉಳಿದವರೂ ಕಾರ್ಡ್ ತಿರುಗಿಸಿ ನೋಡುತ್ತಾರೆ. ನಿಮ್ಮ 14ನೇ ಟೇಬಲ್ಲಿನಲ್ಲಿ ಆ ಮೊದಲ ಕೈ ಇರಲಿಲ್ಲ.

ಧಾರವಾಡದಾಕಿ

ಬದಲಿಗೆ ಕೂತವರು ಬರೆದ ಹಾಗೆ ಮಾಡಬೇಕಾ ಹಾಗಾದರೆ? ನನಗದು ಸರಿ ಕಾಣುವುದಿಲ್ಲ.

ಹ್ಯೂಸ್ಟನ್ ಹಳಬ

ಹಾಗೆ ಮಾಡೋದಲ್ಲ ಮೇಡಂ, ನಿಜವಾಗಿ ಬರೆಯಬೇಕು. ಹೇಗಿದ್ದರೂ ಅವರು ಸಂಸ್ಥೆಗೆ ಕೊಡುವವರೇ ಅಲ್ವಾ. ಆ ವರ್ಷದ್ದನ್ನು ಅವತ್ತು ಅಲ್ಲಿ ಬರೆದರಾಯಿತು. ಕೊಡುವ ಮನಸ್ಸಿಲ್ಲದವರನ್ನು ಆ ಕುರ್ಚಿಗೆ ಕಳಿಸಲೇಬಾರದು.

ಸುಮ್ನೆ ಓದುಗ

ಇಷ್ಟೆಲ್ಲ ತಾಪತ್ರಯ ಯಾಕೆ? ಹಾಲಿಗೆ, ಊಟಕ್ಕೆ, ಹೂವಿಗೆ ಸುರಿಯುವ ದುಡ್ಡನ್ನು ಸೀದಾ ಶಾಲೆಗೆ ಕಳಿಸಿದರೆ ಆಗುವುದಿಲ್ಲವೇ?

ಊಟದ ಉಸ್ತುವಾರಿ

ಇದನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಕೇಳಲೂಬೇಕು. ಹಳೇ ದಾನಿಗಳಿಂದ ಮೇಲ್ ಕಳಿಸಿಯೂ ತರಿಸಬಹುದು. ಹೊಸಬರು ಮೇಲ್‌ಗೆ ಬರುವುದಿಲ್ಲ, ಗೊತ್ತಿರುವವರು ಕೈ ಹಿಡಿದು ಕರೆತಂದರೆ ಬರುತ್ತಾರೆ. ಹೋಸ್ಟ್ ಬೇಕಿರುವುದು ಅದಕ್ಕೇ.

ಊಟದ ಲೆಕ್ಕ ನನ್ನದು. ಹೆಚ್ಚಿನ ಹಾಲುಗಳು ಮೂರು ದಿನ ಮುಂಚೆ ತಲೆ ಲೆಕ್ಕ ಕೇಳುತ್ತವೆ. ಅದಾದಮೇಲೆ ಜನ ಬರದಿದ್ದರೂ ದುಡ್ಡು ಕಟ್ಟಲೇಬೇಕು. ಆ ಟೇಬಲ್ಲಿನ ಮೂರು ತಟ್ಟೆ ಹೇಗೂ ನಿಮ್ಮ ಖರ್ಚಿನಲ್ಲಿದೆ. ಸ್ವಯಂಸೇವಕರನ್ನು ಕೂರಿಸೋಕೆ ಹಿಂದೆ ಮುಂದೆ ನೋಡಬೇಡಿ. ನಾವಂತೂ "ಸ್ವಯಂಸೇವಕರಿಗೆ ಊಟ ಹಿಂದಿನ ಕೋಣೆಯಲ್ಲಿ" ಅನ್ನುವ ನಿಯಮ ಬಿಟ್ಟು ಎಷ್ಟೋ ಕಾಲವಾಯಿತು. ಹಸಿದವರು ನಗುನಗುತ್ತಾ ಶಾಲೆಯ ಕಥೆ ಹೇಳುವುದಿಲ್ಲ.

ಹೆಸರು ಕಳಿಸದ ಹೋಸ್ಟ್ ಅಂದರೆ ಅವರ ಅತಿಥಿಗಳ ಊಟದ ವಿವರವೂ ಇಲ್ಲ ಅಂತ. ಯಾರು ಸಸ್ಯಾಹಾರಿ, ಯಾರು ಜೈನ್ ಊಟ, ಯಾರಿಗೆ ಕಡಲೆಬೀಜ ಆಗದು, ಒಂದೂ ಗೊತ್ತಿಲ್ಲ. ಅಲರ್ಜಿ ಹುಡುಗಾಟ ಅಲ್ಲ. ಮೂರು ದಿನ ಮುಂಚಿನ ಫೋನಿನಲ್ಲಿ ಹೆಸರು ಕೊಡದಿದ್ದರೆ ಆ ಹೋಸ್ಟ್ ಬರುವುದೂ ಅನುಮಾನ ಅಂತ ಬರೆದುಕೊಳ್ಳಿ. ಅವತ್ತೇ ಅವರ ಟೇಬಲ್ಲಿಗೆ ಒಬ್ಬರನ್ನು ಗುರುತು ಮಾಡಿಡಿ.

ಲೆಕ್ಕಿಗ

ಖಜಾಂಚಿಯವರ ಪ್ರಶ್ನೆಗೆ: ಕೊಡಲು ಬರುವುದಿಲ್ಲ.

ಊಟ ಮಾಡಿದರಾ ಇಲ್ಲವಾ ಅನ್ನುವುದನ್ನು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಕೇಳುವುದಿಲ್ಲ. ಊಟದ ಹಕ್ಕನ್ನು ಅವರು ಒಪ್ಪಿಕೊಂಡಿದ್ದರಾ ಅನ್ನುವುದನ್ನು ಕೇಳುತ್ತದೆ. ಇದು 1967ರಿಂದ ಇರುವ ನಿಲುವು, ಆ ವರ್ಷದ 67-246 ಅನ್ನುವ ರೂಲಿಂಗಿನಲ್ಲಿದೆ. ಟಿಕೆಟ್ ಬೇಡ ಅಂತ ಮೊದಲೇ ತಿರಸ್ಕರಿಸಿದ್ದರೆ ಪೂರ್ತಿ ಮೊತ್ತ ದಾನ. ಇಟ್ಟುಕೊಂಡು ಬರದೆ ಹೋದರೆ ಊಟದ ಬೆಲೆ ಕಳೆಯಲೇಬೇಕು. ನಿಮ್ಮ ಕೇಸಿನಲ್ಲಂತೂ ಅವರ ಪರವಾಗಿ ಏಳು ಜನ ಬಂದಿದ್ದಾರೆ. ಊಟದ ಮಾರುಕಟ್ಟೆ ಬೆಲೆ ತಲೆಗೆ 60 ಡಾಲರ್ ಅಂತಿಟ್ಟುಕೊಂಡರೆ ಹತ್ತು ಕುರ್ಚಿಗೆ 600. ಉಳಿದ 1,900 ದಾನ. ಊಟದ ಬೆಲೆ ಅಂದರೆ ನಿಮಗೆ ತಗುಲಿದ ಖರ್ಚಲ್ಲ, ಹೊರಗೆ ಅಂಥ ಊಟಕ್ಕೆ ಏನಾಗುತ್ತದೋ ಅದು. ಹಾಲನ್ನು ಯಾರೋ ಪುಕ್ಕಟೆ ಕೊಟ್ಟರು ಅಂತ ಕಮ್ಮಿ ತೋರಿಸಬೇಡಿ.

ಕೊಟ್ಟದ್ದಕ್ಕೆ ಬದಲಾಗಿ ಏನಾದರೂ ಸಿಕ್ಕಿದ್ದು, ಮೊತ್ತ 75 ಡಾಲರಿಗಿಂತ ಜಾಸ್ತಿ ಇದ್ದರೆ ಆ ವಿವರವನ್ನು ಲಿಖಿತವಾಗಿ ಕೊಡುವುದು ಸಂಸ್ಥೆಯ ಜವಾಬ್ದಾರಿ. 250 ಡಾಲರ್ ಮತ್ತು ಮೇಲ್ಪಟ್ಟ ದಾನಕ್ಕೆ ನಿಮ್ಮ ಪತ್ರ ಇಲ್ಲದೆ ದಾನಿಗೆ ಕಡಿತವೇ ಸಿಗದು. ಪ್ಲೆಜ್ ಕಾರ್ಡ್ ಬರೆದ ಮಾತ್ರಕ್ಕೆ ರಸೀದಿ ಇಲ್ಲ, ದುಡ್ಡು ಬಂದ ವರ್ಷಕ್ಕೆ ಮಾತ್ರ.

ಕೇಳದಿದ್ದರೂ ಒಂದು ಮಾತು: ಮುಂದಿನ ವರ್ಷ ಅವರು ಟೇಬಲ್ಲಿನ ದುಡ್ಡನ್ನು ಡೋನರ್ ಅಡ್ವೈಸ್ಡ್ ಫಂಡಿನಿಂದ (ಮೊದಲೇ ದಾನ ಅಂತ ಕಟ್ಟಿಟ್ಟು, ಆಮೇಲೆ ಸಂಸ್ಥೆಗಳಿಗೆ ಕೊಡಿಸುವ ನಿಧಿಯಿಂದ) ಕೊಡುತ್ತೇನೆ ಅಂದರೆ ಒಪ್ಪಬೇಡಿ. ಊಟದ 600 ನಾನು ಕೈಯಿಂದ ಕೊಡುತ್ತೇನೆ, 1,900 ಫಂಡಿನಿಂದ ಅಂತ ಒಡೆಯುವುದನ್ನೂ ಐಆರ್‌ಎಸ್ 2017ರ ನೋಟಿಸಿನಲ್ಲಿ ಬೇಡ ಅಂದಿದೆ. ಟೇಬಲ್ ಬೇಡ, ಬರೀ ದಾನ ಅಂದರೆ ಧಾರಾಳವಾಗಿ ತೆಗೆದುಕೊಳ್ಳಿ.

ಕೋರಮಂಗಲ

ಬೆಂಗಳೂರಿನಲ್ಲಿ ಕಥೆ ಉಲ್ಟಾ. ಇಲ್ಲಿ ಹೋಟೆಲಿನ ಬಾಲ್‌ರೂಮಿನಲ್ಲಿ ಕಂಪನಿಗಳು ಟೇಬಲ್ ತೆಗೆದುಕೊಳ್ಳುತ್ತವೆ. ದೊಡ್ಡವರ ಹೆಸರು ಕಾರ್ಡಿನ ಮೇಲಿರುತ್ತದೆ, ಬರುವವರು ಹೊಸದಾಗಿ ಸೇರಿದ ಹುಡುಗರು. ಔಟರ್ ರಿಂಗ್ ರೋಡಿನಲ್ಲಿ ಸಿಕ್ಕಿಕೊಂಡು ಅವರೂ ಎಂಟಕ್ಕೆ ಬರುತ್ತಾರೆ. ಹೋಸ್ಟ್ ಇಲ್ಲದಿರುವುದೇ ಇಲ್ಲಿ ಮಾಮೂಲು.

ಅದಕ್ಕೆ ನಾವು ಹೋಸ್ಟನ್ನು ನಂಬುವುದನ್ನೇ ಬಿಟ್ಟೆವು. ಪ್ರತಿ ಟೇಬಲ್ಲಿಗೂ ನಮ್ಮ ಫೀಲ್ಡಿನವರು ಒಬ್ಬರು ಕಾಯಂ. ಒಂದು ಸಲ ಕೊಪ್ಪಳ ಕಡೆಯ ಶಿಕ್ಷಕಿಯೊಬ್ಬರನ್ನು ಕೂರಿಸಿದೆವು. ಮೊದಲು ಫೋರ್ಕ್ ಹಿಡಿಯೋಕೆ ಸಂಕೋಚಪಟ್ಟರು. ಕೈಯಲ್ಲೇ ತಿನ್ನಿ ಮೇಡಂ ಅಂತ ಪಕ್ಕದ ಹುಡುಗ ತಾನೂ ಫೋರ್ಕ್ ಕೆಳಗಿಟ್ಟ. ಆಮೇಲೆ ಆ ಟೇಬಲ್ ರಾತ್ರಿ ಹನ್ನೊಂದರವರೆಗೆ ಏಳಲಿಲ್ಲ. ಆ ಹುಡುಗರು ಅವತ್ತು ದುಡ್ಡು ಕೊಡಲಿಲ್ಲ. ಆಮೇಲೆ ಶನಿವಾರಗಳಲ್ಲಿ ಮಕ್ಕಳಿಗೆ ಆನ್‌ಲೈನ್ ಪಾಠ ಶುರು ಮಾಡಿದರು.

ಭಾರತದಲ್ಲಿರುವ ಓದುಗರಿಗೆ ಒಂದು ಎಚ್ಚರಿಕೆ. ಟೇಬಲ್ಲಿನ ದುಡ್ಡನ್ನು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಮಾಡಬೇಕಾದ ಖರ್ಚು) ಲೆಕ್ಕದಲ್ಲಿ ತೋರಿಸುತ್ತೇವೆ ಅಂತ ಕಂಪನಿಯವರು ಕೇಳಿದರೆ ಹೂಂ ಅನ್ನಬೇಡಿ. ಒಂದೇ ಸಲದ ಕಾರ್ಯಕ್ರಮ ಸಿಎಸ್‌ಆರ್ ಆಗುವುದಿಲ್ಲ ಅಂತ 2014ರ ಸುತ್ತೋಲೆಯಲ್ಲೇ ಇತ್ತು. ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವವನ್ನು 2021ರ ನಿಯಮ ಹೊರಗಿಟ್ಟಿದೆ. ವ್ಯಕ್ತಿಗಳು ನಗದು ಕೊಟ್ಟರೆ 2,000 ರೂಪಾಯಿಗಿಂತ ಜಾಸ್ತಿಗೆ ದಾನದ ತೆರಿಗೆ ಕಡಿತ (80ಜಿ ಅಂತ ಕರೆಯುವುದು) ಇಲ್ಲ.

ಬೇ ಏರಿಯಾ ಸ್ವಯಂಸೇವಕಿ

ಹೊಸ ಸುದ್ದಿ. ಹೋಸ್ಟ್ ಇವತ್ತು ಫೋನ್ ಮಾಡಿದರು, ದಾವಣಗೆರೆಯಿಂದ. ಶುಕ್ರವಾರ ಅವರ ತಾಯಿ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಶನಿವಾರ ಸಿಕ್ಕಿದ ಫ್ಲೈಟ್ ಹತ್ತಿ ಹೊರಟಿದ್ದಾರೆ. ನಾವು ಫೋನ್ ಮಾಡಿದಾಗ ಅವರು ವಿಮಾನದಲ್ಲಿದ್ದರು. ಕೂಟ ಇರುವುದೇ ಮರೆತುಹೋಗಿತ್ತಂತೆ. ತುಂಬ ನೊಂದುಕೊಂಡರು. ಬೇಕಾದರೆ ಇನ್ನೂ ಸ್ವಲ್ಪ ಹಣ ಕಳಿಸುತ್ತೇನೆ ಅಂದರು. ಈಗ ಅದು ಬೇಡ, ತಾಯಿಯನ್ನು ನೋಡಿಕೊಳ್ಳಿ ಅಂದೆ.

ಹೀಗಿರುವಾಗ ಆ ಏಳು ಜನರ ವಿಷಯ ಅವರ ಹತ್ತಿರ ಎತ್ತೋದೇ ತಪ್ಪು ಅನ್ನಿಸುತ್ತಿದೆ. ಆದರೆ ಆ ಅತಿಥಿಗಳ ಮೇಲ್ ವಿಳಾಸ ನಮ್ಮಲ್ಲಿ ಇಲ್ಲ. ಮಾರ್ಕರಿನಲ್ಲಿ ಬರೆದ ಹೆಸರುಗಳಷ್ಟೇ ಇವೆ.

ಧಾರವಾಡದಾಕಿ

ಅಯ್ಯೋ ಪಾಪ. ಬಿಡಿ, ಈಗ ಅವರನ್ನು ಕಾಡಬೇಡಿ. ಸೊಂಟದ ಮೂಳೆ ಅಂದರೆ ಆಪರೇಷನ್, ಆಮೇಲೆ ಒಬ್ಬರು ಪಕ್ಕದಲ್ಲೇ ಇರಬೇಕು. ಏಳು ಜನರ ಸಮಾಚಾರ ಒಂದು ತಿಂಗಳು ಬಿಟ್ಟು ನೋಡಿದರಾಯಿತು.

ಟೇಬಲ್ ಅತಿಥಿ

ತಿಂಗಳು ಬಿಟ್ಟರೆ ತಡವಾಯಿತು. ಅತಿಥಿಗಳ ಕಡೆಯಿಂದ ಯೋಚಿಸಿ. ಕರೆದವರು ಬರಲಿಲ್ಲ, ಯಾಕೆ ಅಂತ ಯಾರೂ ಹೇಳಲಿಲ್ಲ. ಆಫೀಸಿನ ಮೂವರಿಗೆ ಈಗ ಗೊತ್ತಾಗಿರಬಹುದು. ಆ ಎರಡು ಜೋಡಿಗೆ? ಎದ್ದು ಹೋದವರು ತಮ್ಮದೇ ತಪ್ಪು ಅಂತ ಮುಜುಗರ ಪಟ್ಟುಕೊಳ್ಳುತ್ತಿರಬಹುದು. ನನ್ನ ಮ್ಯಾನೇಜರ್ ಕಡೆಗೂ ಆ ವಿಷಯ ಎತ್ತಲೇ ಇಲ್ಲ. ಆಮೇಲೆ ಅವರು ಯಾವುದಕ್ಕೆ ಕರೆದರೂ ನಾನು ಹೋಗಲಿಲ್ಲ.

ಹ್ಯೂಸ್ಟನ್ ಹಳಬ

ಇಬ್ಬರದೂ ಸರಿ. ಹೋಸ್ಟ್ ಕಡೆಯಿಂದಲೇ ಮಾತು ಹೋಗಬೇಕು, ಆದರೆ ಬರೆಯುವ ಕಷ್ಟ ಅವರಿಗೆ ಬೇಡ. ನೀವೇ ಮೂರು ಸಾಲು ಬರೆದು ವಾಟ್ಸಾಪ್ ಮಾಡಿ. ಅವರಿಗೆ ಸರಿ ಕಂಡರೆ ತಮ್ಮ ಮಾತಿಗೆ ಬದಲಿಸಿಕೊಂಡು ಏಳು ಜನರಿಗೆ ಕಳಿಸಲಿ. ಹೀಗೆ ಇರಬಹುದು:

"ಶನಿವಾರ ನಿಮ್ಮನ್ನ ಕರೆದು ನಾನೇ ಬರೋಕಾಗಲಿಲ್ಲ. ಅಮ್ಮ ಬಿದ್ದು ಆಸ್ಪತ್ರೆಗೆ ಸೇರಿದ್ದರಿಂದ ದಿಢೀರ್ ಊರಿಗೆ ಹೊರಟೆ, ಯಾರಿಗೂ ಹೇಳಲು ಆಗಲಿಲ್ಲ. ಸಂಸ್ಥೆಯವರು ನಿಮಗೊಂದು ಧನ್ಯವಾದದ ಮೇಲ್ ಕಳಿಸಬೇಕು ಅಂತಿದ್ದಾರೆ, ನಿಮ್ಮ ವಿಳಾಸ ಅವರಿಗೆ ಕೊಡಬಹುದಾ?"

ಕೊನೆಯ ಪ್ರಶ್ನೆ ಬಿಡಬೇಡಿ. ಕೇಳದೆ ವಿಳಾಸ ಕೊಟ್ಟರೆ ಅತಿಥಿಗೂ ಬೇಜಾರು, ಹೋಸ್ಟಿಗೂ ಕೆಟ್ಟ ಹೆಸರು. ಹೂಂ ಅಂದವರಿಗೆ ನೀವು ಬರೆಯುವ ಮೊದಲ ಮೇಲ್‌ನಲ್ಲಿ ದುಡ್ಡಿನ ಮಾತೇ ಇರಬಾರದು. ಪ್ಲೆಜ್ ಕಾರ್ಡಿನ ಲಿಂಕನ್ನೂ ಹಾಕಬೇಡಿ.

ಸ್ಯಾನ್ ರಮೋನ್ ಸಂಚಾಲಕ

ಲಿಂಕ್ ಹಾಕದಿರೋದು ಜಾಸ್ತಿ ಆಯಿತು. ಅವತ್ತು ಅವರಿಗೆ ಕಾರ್ಡೇ ಸಿಗಲಿಲ್ಲ. ಕೊಡಬೇಕು ಅಂದುಕೊಂಡವರು ಒಬ್ಬರಾದರೂ ಇರಬಹುದು ಅಲ್ವಾ?

ಹ್ಯೂಸ್ಟನ್ ಹಳಬ

ಇದ್ದರೆ ಕೇಳುತ್ತಾರೆ. ಮೇಲ್‌ನ ಕೆಳಗೆ ನಿಮ್ಮ ಸಂಸ್ಥೆಯ ವೆಬ್‌ಸೈಟ್ ಇದ್ದೇ ಇರುತ್ತದೆ.

ಊಟದ ಉಸ್ತುವಾರಿ

ಈಗ ಮುಂದಿನ ವರ್ಷದ್ದು. ತಾಯಿ ಬಿದ್ದರು, ಮಗುವಿಗೆ ಜ್ವರ, ಆಫೀಸಿನ ಕರೆ, ಇವು ಯಾವಾಗಲೂ ಇದ್ದದ್ದೇ. ಹೋಸ್ಟನ್ನು ದೂರಿ ಪ್ರಯೋಜನವಿಲ್ಲ. ನಾವು ಹೋಸ್ಟ್ ಫಾರ್ಮಿನಲ್ಲಿ ಎರಡನೇ ಹೆಸರು ಕೇಳುತ್ತೇವೆ. ಹೆಂಡತಿ ಅಥವಾ ಗಂಡ ಆಗಬಾರದು, ಮನೆಯಲ್ಲಿ ಕಷ್ಟ ಬಂದರೆ ಇಬ್ಬರೂ ಇರುವುದಿಲ್ಲ. ಅದೇ ಟೇಬಲ್ಲಿಗೆ ಬರುವ ಒಬ್ಬ ಅತಿಥಿಯಾದರೆ ಒಳ್ಳೆಯದು, ಅವರಿಗೆ ಉಳಿದವರಲ್ಲಿ ಒಂದಿಬ್ಬರಾದರೂ ಗೊತ್ತಿರುತ್ತಾರೆ. ಪ್ಲೆಜ್ ಕವರನ್ನು ಯಾರ ಕೈಗೂ ಕೊಡಬೇಡಿ, ಹೂದಾನಿ ಕೆಳಗೆ ಮೊದಲೇ ಇಟ್ಟುಬಿಡಿ.

ಸುಮ್ನೆ ಓದುಗ

ಹೂದಾನಿ ಸಬ್‌ಟೈಟಲ್‌ಗೆ ಅಡ್ಡ ಬರುತ್ತೆ ಅಂದಿದ್ದರಲ್ಲ ಮೇಡಂ. ಗಿಡ್ಡದ್ದು ತರಿಸಿ.

ಬೇ ಏರಿಯಾ ಸ್ವಯಂಸೇವಕಿ

😀 ಗಿಡ್ಡ ಹೂದಾನಿ, ಬರೆದುಕೊಂಡೆ.

ಹೋಸ್ಟ್ ಮೆಸೇಜ್ ಕಳಿಸಿದರು. ತಾಯಿಗೆ ಆಪರೇಷನ್ ಆಗಿದೆ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಇಟ್ಟರಂತೆ. ಏಳು ಜನರಲ್ಲಿ ನಾಲ್ವರು ವಿಳಾಸ ಕೊಡಿ ಅಂದಿದ್ದಾರೆ. ಒಬ್ಬರು ಬೇಡ ಅಂದರು. ಎದ್ದು ಹೋದ ಜೋಡಿಯಿಂದ ಇನ್ನೂ ಉತ್ತರವಿಲ್ಲ. ರಸೀದಿ 1,900ಕ್ಕೇ ಬರೆದೆವು, ನಮ್ಮ ಊಟದ ಬೆಲೆಯೂ ಹೆಚ್ಚುಕಮ್ಮಿ ಅಷ್ಟೇ ಬಂತು. ಹೋಸ್ಟ್ ಏನೂ ಅನ್ನಲಿಲ್ಲ.

ನಾಲ್ವರಲ್ಲಿ ಒಬ್ಬಾಕೆ ಡಿಸೆಂಬರ್‌ನಲ್ಲಿ ಹೈದರಾಬಾದಿಗೆ ಹೋಗುತ್ತಾರಂತೆ. ವಿಡಿಯೋದಲ್ಲಿ ತೋರಿಸಿದ ದೇವದುರ್ಗದ ಕಡೆಯ ಶಾಲೆ ನೋಡಬಹುದಾ ಅಂತ ಕೇಳಿದ್ದಾರೆ. ಅಲ್ಲಿಂದ ಹೇಗೆ ಹೋಗೋದು, ಯಾವ ದಿನ ಒಳ್ಳೆಯದು, ಯಾರಾದರೂ ಹೇಳುತ್ತೀರಾ?

ರಾಯಚೂರಿನವ

ಧಾರಾಳವಾಗಿ ಬರಲಿ. ಹೈದರಾಬಾದಿನಿಂದ ರಾಯಚೂರಿಗೆ ರೈಲೂ ಇದೆ, ಬಸ್ಸೂ ಇದೆ. ರಾಯಚೂರಿನಿಂದ ದೇವದುರ್ಗಕ್ಕೆ ಕಾರು ಮಾಡಿಕೊಳ್ಳುವುದು ವಾಸಿ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಡಿಸೆಂಬರ್‌ನಲ್ಲಿ ದಸರಾ ರಜೆ ಮುಗಿದಿರುತ್ತದೆ, ಬಿಸಿಲೂ ಕಮ್ಮಿ. ಶನಿವಾರ ಬೇಡ, ಬೆಳಗ್ಗೆ ಮಾತ್ರ ಶಾಲೆ ಇರುತ್ತದೆ. ವಾರದ ನಡುವೆ, ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ ತಲುಪಿದರೆ ಮಕ್ಕಳ ಜೊತೆ ಕೂರಬಹುದು. ಮುಖ್ಯೋಪಾಧ್ಯಾಯರಿಗೆ ಮುಂಚೆ ಒಂದು ಫೋನ್ ಮಾಡಿಸಿ, ಇಲ್ಲದಿದ್ದರೆ ಇಲಾಖೆಯ ತಪಾಸಣೆ ಅಂದುಕೊಂಡು ಗಾಬರಿಯಾಗುತ್ತಾರೆ.